ನಮ್ಮ ಗಾಡಿಗೆ ಕೂರದ ಗನ್ನು

ಮಂಗಳವಾರ ಕೇಳಿದ ಒಂದು ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ. "ಮೇಡಂ, ಈ ಗನ್ನು ನಮ್ಮ ಗಾಡಿಗೆ ಕೂರಲ್ಲ."

ಹೇಳಿದವರು ನನ್ನ ಕ್ಲೈಂಟು. ವಿಜಯನಗರದ ಕಡೆ ಮನೆ ವೈರಿಂಗ್ ಮಾಡಿಕೊಂಡೇ ಐವತ್ತು ದಾಟಿದವರು, ಈಗ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಕೂರಿಸುವ ಕೆಲಸಕ್ಕೆ ಇಳಿದಿದ್ದಾರೆ. ವೆಬ್‌ಸೈಟ್ ಬೇಕು ಅಂತ ಹಟ ಹಿಡಿದದ್ದು ಅವರ ಮಗ. ಅಡ್ವಾನ್ಸ್ ಕೊಟ್ಟವನೂ ಅವನೇ. ಅಪ್ಪ ಬಂದದ್ದು ಸುಮ್ಮನೆ ನೋಡಿಹೋಗೋಣ ಅಂತ.

ನಾನು ಹೆಮ್ಮೆಯಿಂದಲೇ ಹೋಮ್ ಪೇಜ್ ತೆರೆದೆ. ತುಂಬ ಹಸಿರು. ಹುಲ್ಲುಹಾಸಿನ ಪಕ್ಕ ಬಿಳಿ ಕಾರು, ಅದರ ಮುಂದೆ ಹೊಂಬಣ್ಣದ ಕೂದಲಿನ ಹೆಂಗಸು ಚಾರ್ಜಿಂಗ್ ಗನ್, ಅಂದರೆ ಕಾರಿಗೆ ಚುಚ್ಚುವ ಕೇಬಲ್ಲಿನ ಹಿಡಿ, ಎತ್ತಿ ಹಿಡಿದು ನಗುತ್ತಿದ್ದಾಳೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಹಸಿರು ನಾಳೆಗೆ ನಿಮ್ಮ ಮೊದಲ ಹೆಜ್ಜೆ'. ಕೆಳಗೊಂದು ಫಾರ್ಮು: ಹೆಸರು, ಫೋನು, ಇಮೇಲು.

ಅವರು ಕನ್ನಡಕ ಏರಿಸಿಕೊಂಡು, ಮೊಬೈಲಿನಲ್ಲಿ ಮಾಡುವ ಹಾಗೆ ನನ್ನ ಲ್ಯಾಪ್‌ಟಾಪಿನ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಲು ನೋಡಿದರು. ಹಿಗ್ಗಲಿಲ್ಲ. ನಾನೇ ದೊಡ್ಡದು ಮಾಡಿಕೊಟ್ಟೆ. ಅವರಿಗೆ ಬೇಕಿದ್ದದ್ದು ಹೆಂಗಸಿನ ಮುಖವಲ್ಲ, ಅವಳ ಕೈಯಲ್ಲಿದ್ದ ಗನ್ನಿನ ಬಾಯಿ. ಒಂದೊಂದೇ ಎಣಿಸಿದರು. "ಐದೇ ಪಿನ್ನು. ಇದು ಟೈಪ್ 1, ಅಮೆರಿಕದ್ದು. ನಮ್ಮಲ್ಲಿ ಬರೋದು ಟೈಪ್ 2, ಏಳು ಪಿನ್ನು. ಮೇಡಂ, ಈ ಗನ್ನು ನಮ್ಮ ಗಾಡಿಗೆ ಕೂರಲ್ಲ." ಸ್ವಲ್ಪ ತಡೆದು, "ಸ್ಟೇರಿಂಗೂ ಎಡಗಡೆ ಇದೆ" ಅಂದರು. ವ್ಯಂಗ್ಯ ಇರಲಿಲ್ಲ. ಸೈಟಿನಲ್ಲಿ ಹುಡುಗ ತಪ್ಪು ವೈರ್ ಹಾಕಿದ್ದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು. ವ್ಯಂಗ್ಯ ಮಾಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಮಗನಿಗೆ ಸಿಟ್ಟು. "ಅಪ್ಪಾ, ಅದನ್ನೆಲ್ಲ ಯಾರು ನೋಡ್ತಾರೆ?" ಒಳ್ಳೆ ಹುಡುಗ, ಆದರೆ ಅಪ್ಪನ ಕೆಲಸ ಯಾರ ಕಣ್ಣಿಗೂ ಬೀಳದಿದ್ದರೇ ವಾಸಿ ಅನ್ನುವ ಒಂದು ನಾಚಿಕೆ ಅವನಲ್ಲಿದೆ.

ಗುರುವಾರ ನಾನೇ ಅವರ ಹಿಂದೆ ಹೋದೆ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಕಾರಿನ ಯಜಮಾನರಿಗೆ ಆಗಲೇ ಅಸಮಾಧಾನ. ಶೋರೂಮಿನಲ್ಲಿ ಇನ್‌ಸ್ಟಾಲೇಶನ್ ಫ್ರೀ ಅಂದಿದ್ದರಂತೆ. ಫ್ರೀ ಹೌದು, ಇಷ್ಟು ಮೀಟರ್ ಕೇಬಲ್‌ವರೆಗೆ ಮಾತ್ರ. ನಮ್ಮವರು ಮಾತಾಡದೆ ಮೀಟರ್ ರೂಮಿನ ಬಾಗಿಲಿನಿಂದ ಕಾರಿನವರೆಗೆ ಹೆಜ್ಜೆ ಹಾಕುತ್ತಾ ಬಂದರು. ಐವತ್ತೆರಡು. "ಇದು ನೆಲದ ಲೆಕ್ಕ ಸಾರ್. ಕೇಬಲ್ಲು ಗೋಡೆ ಹತ್ತಿ, ಬೀಮ್ ಸುತ್ತಿ, ಮತ್ತೆ ಇಳೀಬೇಕು." ಚಾರ್ಜರ್ ಪೆಟ್ಟಿಗೆಯನ್ನು ಗೋಡೆಗೆ ಹೊಡೆಯುವುದು ಅರ್ಧ ಗಂಟೆಯ ಕೆಲಸ. ದುಡ್ಡು, ದಿನ, ಜಗಳ ಎಲ್ಲ ಇರುವುದು ಮೀಟರಿಗೂ ಕಾರಿಗೂ ನಡುವಿನ ಆ ಐವತ್ತೆರಡು ಹೆಜ್ಜೆಯಲ್ಲಿ.

ಆಮೇಲೆ ಕರೆಂಟ್ ಬಿಲ್ ಕೇಳಿದರು. ಸ್ಯಾಂಕ್ಷನ್ ಲೋಡ್, ಅಂದರೆ ಆ ಮನೆಗೆ ಮಂಜೂರಾದ ಕರೆಂಟಿನ ಮಿತಿ, 5 ಕಿಲೋವ್ಯಾಟ್. ಕೂರಿಸಬೇಕಾದ ಚಾರ್ಜರ್ 7.4 ಕಿಲೋವ್ಯಾಟಿನದು, 32 ಆಂಪ್ಸ್ ಎಳೆಯುವಂಥದ್ದು. "ಮೂರು ಗೀಸರ್ ಒಟ್ಟಿಗೆ ಹಾಕಿ ರಾತ್ರಿಯೆಲ್ಲ ಬಿಟ್ಟ ಹಾಗೆ ಸಾರ್. ಬೆಸ್ಕಾಂನಲ್ಲಿ ಲೋಡ್ ಏರಿಸಿಕೊಳ್ಳಿ, ಇಲ್ಲಾಂದ್ರೆ 3.3ರದ್ದು ಹಾಕಿಸಿ. ನಿಧಾನ, ಆದರೂ ದಿನಾ ಆಫೀಸಿಗೆ ಹೋಗಿ ಬರೋಕೆ ಸಾಕು." ದೊಡ್ಡ ಚಾರ್ಜರ್ ಮಾರಿದರೆ ಅವರಿಗೇ ಲಾಭವಿತ್ತು.

ಅಷ್ಟರಲ್ಲಿ ಸೆಕ್ರೆಟರಿ ಇಳಿದು ಬಂದರು. "ಬೆಂಕಿ ಗಿಂಕಿ ಹತ್ಕೊಂಡ್ರೆ ಯಾರ್ರೀ ಜವಾಬ್ದಾರಿ?" ಕೇಳಬೇಕಾದ ಪ್ರಶ್ನೆಯೇ, ಆದರೆ ಉತ್ತರ ಕೇಳುವ ವ್ಯವಧಾನ ಅವರಿಗಿರಲಿಲ್ಲ. ನಮ್ಮವರು ತಮ್ಮ ಫೋನು ತೆಗೆದು ಒಂದು ಫೋಟೋ ತೋರಿಸಿದರು: ನೆಲದಲ್ಲೊಂದು ಗುಂಡಿ, ಇದ್ದಿಲು, ಉಪ್ಪು, ನಡುವೆ ಪೈಪು. ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಇದು ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಕೆಂಪು ದೀಪ ಹಾಕಿಕೊಂಡು ಮುಷ್ಕರ ಹೂಡುತ್ತವೆಯಂತೆ. ಸೆಕ್ರೆಟರಿ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನನ್ನ ನಗುವ ಹೆಂಗಸನ್ನು ಅವರು ಹಾಗೆ ನೋಡುತ್ತಿದ್ದರೇ?

ಮನೆಗೆ ಬರುವಾಗ ಮೆಟ್ರೋದಲ್ಲಿ ನನ್ನ ಹಳೆಯ ಸೈಟುಗಳನ್ನೆಲ್ಲ ತೆರೆದು ನೋಡುತ್ತ ಕೂತೆ. ಬಾಳೆಲೆ ಊಟದ ಕ್ಯಾಟರಿಂಗ್‌ನವರಿಗೆ ನಾನು ಹಾಕಿದ್ದ ಚಿತ್ರದಲ್ಲಿ ಯಾರೋ ಗಾಜಿನ ಲೋಟ ಎತ್ತಿ ಹಿಡಿದಿದ್ದಾರೆ. ಲೇಡೀಸ್ ಪಿ.ಜಿ.ಗೆ ಹಾಕಿದ ಕೋಣೆಯ ಕಿಟಕಿಯಾಚೆ ಹಿಮ. ಅವರ್ಯಾರೂ ಏನೂ ಅಂದಿರಲಿಲ್ಲ. ಚೆನ್ನಾಗಿದೆ ಅಂದು ದುಡ್ಡು ಕೊಟ್ಟಿದ್ದರು. ಹನ್ನೊಂದು ವರ್ಷದಿಂದ ನಾನು ಕೂರದ ಗನ್ನುಗಳನ್ನೇ ಮಾರುತ್ತಿದ್ದೇನಾ? ಅವರು ಅಂಗಡಿ ತೋರಿಸಲು ಕರೆದಾಗ 'ಫೋಟೋ ವಾಟ್ಸಾಪ್ ಮಾಡಿ ಸಾಕು' ಅಂದವಳು ನಾನೇ. ಕಳಿಸಿದ ಫೋಟೋ ಮಬ್ಬಾಗಿದೆ ಅಂತ ಪಕ್ಕಕ್ಕೆ ಸರಿಸಿದವಳೂ ನಾನೇ.

ರಾತ್ರಿ ಎಲ್ಲ ಅಳಿಸಿದೆ. ಹಸಿರು ನಾಳೆ ಹೋಯಿತು. ಈಗ ಪುಟ ತೆರೆದರೆ ಮೊದಲು ಕಾಣುವುದು ಇದ್ದಿಲಿನ ಗುಂಡಿ, ಮಬ್ಬು ಫೋಟೋನೇ. ಫಾರ್ಮಿನಲ್ಲಿ ಅವರು ಎಲ್ಲರಿಗೂ ಫೋನಿನಲ್ಲಿ ಕೇಳುವ ಮೂರೇ ಪ್ರಶ್ನೆ: ಮೀಟರಿನಿಂದ ಪಾರ್ಕಿಂಗಿಗೆ ಎಷ್ಟು ಹೆಜ್ಜೆ? ಬಿಲ್ಲಿನಲ್ಲಿ ಲೋಡ್ ಎಷ್ಟಿದೆ? ಮೀಟರ್ ಬೋರ್ಡಿನ ಒಂದು ಫೋಟೋ ಹಾಕಿ.

ಮಗನಿಗೆ ಹಿಡಿಸಿಲ್ಲ. ಬಾಕಿ ದುಡ್ಡು ತಡೆಹಿಡಿದಿದ್ದಾನೆ. ಆದರೆ ನಿನ್ನೆ ಮೊದಲ ಎನ್‌ಕ್ವೈರಿ ಬಂತು: ಮೂವತ್ತು ಹೆಜ್ಜೆ, 5 ಕಿಲೋವ್ಯಾಟ್, ಒಣಗಿದ ಮಾವಿನ ತೋರಣ ನೇತಾಡುತ್ತಿದ್ದ ಒಂದು ಮೀಟರ್ ಬೋರ್ಡು. ಅಪ್ಪನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜು: "ಹಳೇ ಪಿಂಗಾಣಿ ಫ್ಯೂಸು ಮೇಡಂ, ಮೊದಲು ಅದನ್ನ ಕಿತ್ತು ಹಾಕ್ಬೇಕು. ಆ ತೋರಣಾನೂ ತೆಗೀಬೇಕು ಅಂತ ಹೇಳಿ."