ಕೆಂಪು ಗೆರೆ ಎಳೆದ ರಿಪೋರ್ಟ್

12 ಜುಲೈ 2024, ಶುಕ್ರವಾರ
ಬನಶಂಕರಿ, ಬೆಂಗಳೂರು

ಬೆಳಗ್ಗೆ ನಮ್ಮ ಲ್ಯಾಬಿಗೆ ಮಾಗಡಿ ಕಡೆಯ ತಾಯಿ ಮಗಳು ಬಂದಿದ್ದರು. ಹುಡುಗಿಗೆ ಇಪ್ಪತ್ತೆರಡು ಇರಬಹುದು. ಮೂರು ವಾರದ ಹಿಂದೆ ಎಡಗಾಲು ಊದಿಕೊಂಡು, ಸ್ಕ್ಯಾನ್ ಮಾಡಿಸಿದರೆ ತೊಡೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ, ಆವತ್ತಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೀತಿದೆ. ಬೇರೆ ಕಡೆ ಮಾಡಿಸಿದ ರಿಪೋರ್ಟನ್ನು ತಾಯಿ ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಪ್ರೋಟೀನ್ ಸಿ 34 ಪರ್ಸೆಂಟ್, ಇರಬೇಕಾದ್ದಕ್ಕಿಂತ ಕಡಿಮೆ. ಅದರ ಕೆಳಗೆ ಪೆನ್ನಿನ ಕೆಂಪು ಗೆರೆ.

"ಇದು ವಂಶದಲ್ಲಿ ಬರೋದಂತೆ ಮೇಡಂ. ಚಿಕ್ಕವಳಿಗೂ ಇರುತ್ತಾ? ಮುಂದಿನ ತಿಂಗಳು ಅವಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ."

ನನಗೆ ಹೊಟ್ಟೆ ಉರಿಯಿತು. ರಕ್ತ ಬೇಕಾದ್ದಕ್ಕಿಂತ ಜಾಸ್ತಿ ಹೆಪ್ಪುಗಟ್ಟದಂತೆ ನಮ್ಮ ದೇಹವೇ ಮಾಡಿಕೊಳ್ಳುವ ಪ್ರೋಟೀನ್ ಇದು. ಲಿವರ್‌ನಲ್ಲಿ ತಯಾರಾಗುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕು. ವಾರ್ಫರಿನ್ ತಡೆಯುವುದು ಆ ವಿಟಮಿನ್ ಕೆ ಕೆಲಸವನ್ನೇ. ಹಾಗಾಗಿ ಮಾತ್ರೆ ನುಂಗುತ್ತಿರುವಾಗ ಟೆಸ್ಟ್ ಮಾಡಿದರೆ ಯಾರದ್ದಾದರೂ ಕಡಿಮೆಯೇ ಬರುತ್ತದೆ. ಆ 34 ನೋಡಿ ವಂಶದ ದೋಷ ಇದೆ ಅನ್ನೋಕಾಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತು ರಕ್ತ ತೆಗೆಯೋದು ಬೇಡ, ಚಿಕಿತ್ಸೆ ಮುಗಿದು ವಾರ್ಫರಿನ್ ಬಿಟ್ಟು ಕೆಲವು ವಾರ ಆದ ಮೇಲೆ ನೋಡೋಣ ಅಂದರು. "ಟೆಸ್ಟಿಗೋಸ್ಕರ ನೀವಾಗಿ ಮಾತ್ರೆ ನಿಲ್ಲಿಸಬೇಡಿ ಅಮ್ಮಾ" ಅಂತ ಎರಡು ಸಲ ಹೇಳಿದೆ.

ರಾತ್ರಿ ಅದೇ ತಲೆಯಲ್ಲಿತ್ತು. ಈ ಪ್ರೋಟೀನಿನ ಹೆಸರಿಗೇ ಒಂದು ಕಥೆ ಇದೆ. 1976ರಲ್ಲಿ ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೊ ದನದ ರಕ್ತದಿಂದ ಇದನ್ನು ಬೇರ್ಪಡಿಸಿದಾಗ, ಪ್ರೋಟೀನುಗಳನ್ನು ಬೇರೆಬೇರೆ ಮಾಡುವ ಕೊಳವೆ, ಅಂದ್ರೆ ಕಾಲಮ್‌ನಿಂದ ಮೂರನೆಯದಾಗಿ ಹೊರಬಂತು ಅಂತ ಸಿ ಆಯಿತು, ಅಷ್ಟೇ. ಹೆಪ್ಪುಗಟ್ಟುವುದನ್ನು ತಡೆಯುವುದರ ಜೊತೆಗೆ ಇದು ಉರಿಯೂತ ಇಳಿಸುತ್ತದೆ, ಜೀವಕೋಶ ಸಾಯದಂತೆಯೂ ಕಾಯುತ್ತದೆ. ಅದಕ್ಕೇ ಇದರ ಸಕ್ರಿಯ ರೂಪವನ್ನು, ಸೋಂಕಿನಿಂದ ಅಂಗಾಂಗಗಳೇ ಕೆಡುವ ಸೆಪ್ಸಿಸ್‌ಗೆ ಔಷಧಿಯಾಗಿ ಕೊಟ್ಟು ನೋಡಿದರು. 1,690 ರೋಗಿಗಳ ಪರೀಕ್ಷೆಯಲ್ಲಿ 28 ದಿನದೊಳಗೆ ಸತ್ತವರು ಔಷಧಿ ಸಿಗದವರಲ್ಲಿ ಶೇ. 30.8, ಸಿಕ್ಕವರಲ್ಲಿ ಶೇ. 24.7. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು, ಹೆಸರು ಕ್ಸಿಗ್ರಿಸ್. ಆದರೆ ರಕ್ತಸ್ರಾವದ ಭಯ ಇದ್ದೇ ಇತ್ತು. ಆಮೇಲೆ ಸೆಪ್ಸಿಸ್ ವಿಪರೀತವಾಗಿ ಬಿಪಿ ಕುಸಿದ, ಅಂದ್ರೆ ಸೆಪ್ಟಿಕ್ ಶಾಕ್ ಆದ, ಸುಮಾರು 1,700 ಜನರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಸಾವು ತಪ್ಪಿಸುವ ಲಾಭ ಕಾಣಲೇ ಇಲ್ಲ. 2011ರ ಅಕ್ಟೋಬರಿನಲ್ಲಿ ಕಂಪನಿ ಔಷಧಿಯನ್ನು ವಾಪಸ್ ತೆಗೆದುಕೊಂಡಿತು. ಹತ್ತು ವರ್ಷ ನಂಬಿದ್ದ ಅಂಕಿಯನ್ನೇ ಮತ್ತೊಮ್ಮೆ ಕೇಳಿ ನೋಡಿದರಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ ಅನ್ನೋದೇ ಖುಷಿ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಜಾನ್ ಗ್ರಿಫಿನ್ ತಂಡದವರು ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲವನ್ನು ಮೂರು ಕಡೆ ತೆಗೆದು ಅಲ್ಲಿ ಅಲನಿನ್ ಅನ್ನೋ ಇನ್ನೊಂದನ್ನು ಕೂರಿಸಿದರು. ಕೋಶ ಕಾಯುವ ಗುಣ ಉಳಿಯಿತು, ಹೆಪ್ಪು ತಡೆಯುವ ಶಕ್ತಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಯಿತು. ಅಂದ್ರೆ ರಕ್ತಸ್ರಾವದ ಭಯವೂ ಕಡಿಮೆ, ಅಲ್ವಾ? ಪಾರ್ಶ್ವವಾಯು ಆದ 110 ಜನರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಕೆಲವರಿಗೆ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ದ್ರವ. ಅದು ಸುರಕ್ಷತೆ ನೋಡೋಕೆ ಮಾಡಿದ ಚಿಕ್ಕ ಪರೀಕ್ಷೆ.

ಚಿಕ್ಕವಳು ಯಾವ ಮಾತ್ರೆಯನ್ನೂ ತಗೊಳ್ಳುತ್ತಿಲ್ಲ, ಅವಳದ್ದು ಈಗಲೇ ನೋಡಬಹುದು ಅಂದರು ಡಾಕ್ಟರ್. ಸೋಮವಾರ ಕರೆದುಕೊಂಡು ಬರ್ತಾರೆ. ನೀಲಿ ಮುಚ್ಚಳದ ಟ್ಯೂಬು, ರಕ್ತ ಹೆಪ್ಪುಗಟ್ಟದಂತೆ ಇಡುವ ಸಿಟ್ರೇಟ್ ಒಂದು ಭಾಗಕ್ಕೆ ಒಂಬತ್ತು ಭಾಗ ರಕ್ತ, ಗೆರೆ ಮುಟ್ಟುವ ತನಕ ನಾನೇ ನಿಂತು ತುಂಬಿಸುತ್ತೇನೆ.