ಹಾರಾಟ ನಿಂತ ಮೇಲೆ ಅರ್ಜಿಯಲ್ಲಿ ಏನು ಬರೆಯಬೇಕು

ರಾಯಚೂರು
ಫೆಬ್ರುವರಿ 16, 2025, ಭಾನುವಾರ

ಪಕ್ಕದ ಮನೆಯ ಹುಡುಗನನ್ನು ವಾಯುಪಡೆಯ ಹಾರಾಟದ ತರಬೇತಿಯಿಂದ ಕೈಬಿಟ್ಟಿದ್ದಾರೆ. ರಜೆಯ ಮೇಲೆ ಬಂದಿದ್ದಾನೆ ಎಂದು ಅವನ ತಾಯಿ ಓಣಿಯಲ್ಲಿ ಹೇಳಿಕೊಂಡಿದ್ದರು. ಮಾವಿನಕೆರೆಯ ಕಡೆ ತಿರುಗಾಡಿ ಬರೋಣ ಬಾ ಎಂದು ಕರೆದರೂ ಹೊರಬಾರದ ಹುಡುಗನನ್ನು ಕಂಡಾಗಲೇ ನನಗೆ ಅನುಮಾನ ಬಂದಿತ್ತು. ಕಳೆದ ವಾರವಿಡೀ ಯಲಹಂಕದ ಏರೋ ಇಂಡಿಯಾ ಟಿವಿಯಲ್ಲಿ ಬರುತ್ತಿತ್ತು. ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಒಂದೇ ಪ್ರದರ್ಶನಕ್ಕೆ ಬಂದಿದ್ದವು. ನಮ್ಮ ಬೀದರ್‌ನ ಸೂರ್ಯಕಿರಣ ತಂಡವೂ ಹಾರಿತು. ಓಣಿಯ ಮಕ್ಕಳೆಲ್ಲ ನಮ್ಮ ಮನೆಯ ಟಿವಿಯ ಮುಂದೆ ಕುಳಿತಿದ್ದರು. ಅವನೊಬ್ಬ ಬರಲಿಲ್ಲ.

ಇಂದು ಬೆಳಿಗ್ಗೆ ತಾನಾಗಿಯೇ ಬಂದ. ನನ್ನಾಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆಗೆ ಹಾಕಿ ಕೊಟ್ಟಳು. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. ಬಹಳ ಹೊತ್ತಾದ ಮೇಲೆ, "ಕಾಕಾ, ನೀವು ಇಂಥವರನ್ನು ನೋಡಿರುತ್ತೀರಿ. ಅವರೆಲ್ಲ ಆಮೇಲೆ ಏನಾದರು?" ಎಂದು ಕೇಳಿದ.

ನೋಡಿದ್ದೇನೆ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲನ್ನು ನೋಡಿಕೊಳ್ಳುವ ಕೆಲಸಗಾರ ಆಗಿದ್ದವನು. ತಾಂಬರಂನಲ್ಲಿ ಕೆಲಸ ಕಲಿತೆ. ಹಕೀಂಪೇಟೆ, ಬೀದರ್‌ಗಳಲ್ಲಿ ಕಿರಣ್ ತರಬೇತಿ ವಿಮಾನಗಳನ್ನು ಬೆಳಗಿನ ಹಾರಾಟಕ್ಕೆ ಸಜ್ಜುಗೊಳಿಸುತ್ತಿದ್ದೆ. ತರಬೇತಿ ನೆಲೆಯಲ್ಲಿ ಕೆಲಸ ಮಾಡಿದವನಿಗೆ ಇದು ಹೊಸದಲ್ಲ. ನಿನ್ನೆ ಏಣಿ ಹತ್ತಿ ಕಾಕ್‌ಪಿಟ್‌ನಲ್ಲಿ ಕುಳಿತಿದ್ದ ಹುಡುಗ ಇಂದು ಬರುವುದಿಲ್ಲ. ಹಲಗೆಯ ಮೇಲಿನ ಅವನ ಹೆಸರು ಅಳಿಸಿರುತ್ತದೆ. ಕಾರಣ ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ.

ಆದರೆ ಓಣಿಯಲ್ಲಿ ಕಾರಣ ಹುಡುಕುವವರಿಗೆ ಬರವಿಲ್ಲ. ಶಿಸ್ತು ತಪ್ಪಿರಬೇಕು, ಕಣ್ಣಿನ ದೋಷವಿರಬೇಕು, ಹೆದರಿರಬೇಕು ಎಂದು ಆಡಿಕೊಳ್ಳುತ್ತಿದ್ದಾರೆ. ಇದನ್ನು ಕೇಳಿ ನನಗೆ ಮೈ ಉರಿಯಿತು. ನಡೆದದ್ದನ್ನು ಅವನ ಬಾಯಿಂದಲೇ ಕೇಳಿದೆ. ಸಮಸ್ಯೆ ಇದ್ದದ್ದು ವಿಮಾನವನ್ನು ಇಳಿಸುವಾಗಿನ ಕೊನೆಯ ಕೆಲವೇ ಕ್ಷಣಗಳಲ್ಲಿ. ರನ್‌ವೇ ಹತ್ತಿರವಾದಂತೆ ನೋಟ ಮೂತಿಯ ಮುಂದಿನ ನೆಲದ ಮೇಲಿರಬಾರದು, ರನ್‌ವೇಯ ದೂರದ ತುದಿಗೆ ಹೋಗಬೇಕು. ಎಡಗೈ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲನ್ನು ಹಿಂದಕ್ಕೆ ತರುತ್ತಿರಬೇಕು. ಬಲಗೈ ಸ್ಟಿಕ್ಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆಯುತ್ತಾ ಮೂತಿಯನ್ನು ಎತ್ತಿ ಹಿಡಿಯಬೇಕು. ಬೇಗ ಎಳೆದರೆ ವಿಮಾನ ಮತ್ತೆ ಮೇಲೇಳುತ್ತದೆ, ವೇಗ ಕಳೆದುಕೊಂಡು ಧೊಪ್ಪನೆ ಕೂರುತ್ತದೆ. ತಡವಾದರೆ ಗಾಲಿ ನೆಲಕ್ಕೆ ಅಪ್ಪಳಿಸುತ್ತದೆ. "ಇವತ್ತು ಸರಿಯಾಗಿ ಬಂದದ್ದು ನಾಳೆ ಬರುತ್ತಿರಲಿಲ್ಲ ಕಾಕಾ," ಎಂದ. ಹೇಳುತ್ತಿರುವಾಗಲೇ ಅವನ ಎಡಗೈ ತಟ್ಟೆ ಬಿಟ್ಟು ತೊಡೆಯ ಪಕ್ಕದಲ್ಲಿ ಹಿಂದಕ್ಕೆ ಸರಿಯಿತು. ಕುರ್ಚಿಯಲ್ಲಿ ಕುಳಿತು ಇಡೀ ಹಾರಾಟವನ್ನು ಕೈಕಾಲುಗಳಲ್ಲಿ ಒಪ್ಪಿಸುವ ಅಭ್ಯಾಸ ಎಲ್ಲ ಕೆಡೆಟ್‌ಗಳಿಗೂ ಇರುತ್ತದೆ. ಹಾರಾಟ ನಿಂತರೂ ಅವನ ಕೈ ಅದನ್ನು ಮರೆತಿಲ್ಲ.

ಹೆಚ್ಚಿನ ಪಾಠಗಳನ್ನು ಕೊಟ್ಟರು, ಬೋಧಕರನ್ನು ಬದಲಿಸಿದರು, ಹಿರಿಯ ಬೋಧಕರೂ ಜೊತೆಗೆ ಕುಳಿತು ನೋಡಿದರು. ಆಮೇಲೆ ನಿಲ್ಲಿಸಿದರು. ಇದರಲ್ಲಿ ಯಾರ ಅನ್ಯಾಯವೂ ಇಲ್ಲ ಎಂದು ಅವನೇ ಹೇಳಿದ. ಆ ಮಾತಿಗೆ ಅವನ ಮೇಲಿನ ಗೌರವ ಹೆಚ್ಚಾಯಿತು. ವಾಯುಪಡೆ ಅಳೆಯುವುದು ಹುಡುಗನಿಗೆ ಹಾರಲು ಬರುತ್ತದೆಯೇ ಎಂದಲ್ಲ, ಕೊಟ್ಟ ಗಂಟೆಗಳೊಳಗೆ ಬರುತ್ತದೆಯೇ ಎಂದು. ಕಲಿಕೆ ಆರಂಭವಾಗುವ ದುಂಡಿಗಲ್ ಅಕಾಡೆಮಿಯ ಪಿಲಾಟಸ್ ವಿಮಾನದಲ್ಲಿ ಒಂದು ಪಾಠಕ್ಕೆ ಎರಡು ಪಟ್ಟು ಹೊತ್ತು ಹಿಡಿದರೆ ಮುಂದಿನ ಹಂತದಲ್ಲಿ ಬೀದರ್‌ನ ಹಾಕ್ ಜೆಟ್‌ನಲ್ಲಿ ಆ ಹೊತ್ತು ಸಿಗುವುದಿಲ್ಲ. ಅಲ್ಲಿ ಎಲ್ಲವೂ ಇನ್ನೂ ಬೇಗ ಬೇಗ ಎದುರಾಗುತ್ತದೆ. ಆದ್ದರಿಂದ ನಿಲ್ಲಿಸುವುದು ಕಠೋರವಾಗಿ ಕಂಡರೂ ಜೀವ ಉಳಿಸುವ ಕೆಲಸ. ಹೆಣ ಹೊರುವ ನೋವಿಗಿಂತ ಈ ನೋವು ವಾಸಿ ಎಂದು ಅವನ ತಾಯಿಗೂ ಹೇಳಿದ್ದೇನೆ.

ಒಂದು ಬಾಗಿಲು ಮುಚ್ಚಿದೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಯಿತು. ಬರುವ ಶನಿವಾರ, ಭಾನುವಾರ ವಾಯುಪಡೆಯ ಅಧಿಕಾರಿಗಳನ್ನು ಆರಿಸುವ ಎಎಫ್‌ಕ್ಯಾಟ್ ಪರೀಕ್ಷೆ ಇದೆ, ಮುಂದಿನ ಸಲ ಮತ್ತೆ ಬರೆದು ಪೈಲಟ್ ಆಗಲಿ ಎಂದು ಅವನ ಸೋದರಮಾವ ಹುರಿದುಂಬಿಸುತ್ತಿದ್ದಾರೆ. ಅದು ಆಗದ ಮಾತು. ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರಿಗೂ, ಅಕಾಡೆಮಿಯಲ್ಲಿ ಹಾರಾಟದ ತರಬೇತಿ ನಿಂತವರಿಗೂ ವಾಯುಪಡೆಯ ಪೈಲಟ್‌ಗಳ ವಿಭಾಗವಾದ ಫ್ಲೈಯಿಂಗ್ ಬ್ರಾಂಚ್‌ಗೆ ಎರಡನೆಯ ಅವಕಾಶವಿಲ್ಲ. ಸುಳ್ಳು ಆಸೆಯಲ್ಲಿ ಇನ್ನೆರಡು ವರ್ಷ ಕಳೆದರೆ ಉಳಿದ ಬ್ರಾಂಚ್‌ಗಳ ವಯಸ್ಸೂ ಮೀರುತ್ತದೆ. ನೆಲದ ಮೇಲಿನ ಕೆಲಸದ ಗ್ರೌಂಡ್ ಡ್ಯೂಟಿ ಬ್ರಾಂಚ್‌ಗಳಿಗೆ ವಯೋಮಿತಿ 20ರಿಂದ 26.

ಈಗ ಅವನ ಮುಂದಿರುವುದು ಒಂದು ಅರ್ಜಿ. ಬೇರೆ ಯಾವ ಬ್ರಾಂಚ್ ಬೇಕು ಎಂದು ಆದ್ಯತೆಯ ಕ್ರಮದಲ್ಲಿ ಬರೆದುಕೊಡಬೇಕು. ಸಿಗುವುದು ಬಿಡುವುದು ಖಾಲಿ ಹುದ್ದೆ ಮತ್ತು ಮಂಡಳಿಯ ತೀರ್ಮಾನಕ್ಕೆ ಬಿಟ್ಟದ್ದು. "ಯಾವುದಾದರೇನು, ಪೈಲಟ್ ಅಂತೂ ಅಲ್ಲ," ಎಂದ. ಅಲ್ಲಿ ಮಾತ್ರ ನಾನು ಗಟ್ಟಿಯಾಗಿ ಮಾತನಾಡಿದೆ. ಅರ್ಜಿಯನ್ನು ಹಾಗೆ ತುಂಬಿದವರನ್ನೂ ಕಂಡಿದ್ದೇನೆ. ಹತ್ತು ವರ್ಷ ಕಳೆದರೂ ಅವರ ಕಣ್ಣು ರನ್‌ವೇಯ ಮೇಲೆ, ಕೈ ಮಾತ್ರ ಕಡತದ ಮೇಲೆ. ಕಾಕ್‌ಪಿಟ್‌ಗೆ ಯಾವುದು ಹತ್ತಿರ ಎಂದು ಅಳೆದು ಬರೆಯಬಾರದು, ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಬೇಸರವಿಲ್ಲದೆ ಮಾಡುವ ಕೆಲಸ ಯಾವುದು ಎಂದು ಕೇಳಿಕೊಂಡು ಬರೆಯಬೇಕು.

ಬಂಧುಗಳು ಎಲ್ಲರೂ ಕಲಾಂ ಅವರ ಕಥೆ ಹೇಳುತ್ತಿದ್ದಾರಂತೆ. ಡೆಹ್ರಾಡೂನ್‌ನ ವಾಯುಪಡೆ ಆಯ್ಕೆಯಲ್ಲಿ ಎಂಟು ಜನ ಬೇಕಿದ್ದರು, ಅವರು ಒಂಬತ್ತನೆಯವರಾದರು. ನಿಜವಾದ ಕಥೆ, ದೊಡ್ಡ ಕಥೆ. ಆದರೆ ಈ ವಾರ ಈ ಹುಡುಗನ ಕೈ ಹಿಡಿಯುವ ಹೆಸರು ಮಿಂಟಿ ಅಗರ್‌ವಾಲ್ ಎಂದು ನನಗೆ ಅನ್ನಿಸುತ್ತದೆ. 2019ರ ಫೆಬ್ರುವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಪಾಕಿಸ್ತಾನದ ವಿಮಾನಗಳು ಬಂದಾಗ ರೇಡಾರ್ ಪರದೆಯ ಮುಂದೆ ಫೈಟರ್ ಕಂಟ್ರೋಲರ್ ಆಗಿ ಕುಳಿತಿದ್ದವರು ಸ್ಕ್ವಾಡ್ರನ್ ಲೀಡರ್ ಮಿಂಟಿ. ಶತ್ರು ಎಲ್ಲಿದ್ದಾನೆ, ಎಷ್ಟು ಎತ್ತರದಲ್ಲಿದ್ದಾನೆ, ಯಾವ ಕಡೆ ತಿರುಗಬೇಕು ಎಂದು ನಮ್ಮ ಪೈಲಟ್‌ಗಳಿಗೆ ಅವರು ನೆಲದಿಂದ ಹೇಳುತ್ತಿದ್ದರು. ಅವರಿಗೆ ಯುದ್ಧ ಸೇವಾ ಪದಕ ಬಂತು, ಆ ಪದಕ ಪಡೆದ ಮೊದಲ ಮಹಿಳೆ ಅವರು. ಅಂದು ಯುದ್ಧ ನಡೆದದ್ದು ಆಕಾಶದಲ್ಲಿ ಎಷ್ಟೋ, ಆ ಪರದೆಯ ಮೇಲೂ ಅಷ್ಟೇ. ಮೂರು ದಿಕ್ಕುಗಳಲ್ಲಿ ಓಡುವ ಚುಕ್ಕೆಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು, ದನಿ ನಡುಗದಂತೆ ನಾಲ್ಕೇ ಪದಗಳಲ್ಲಿ ಹೇಳುವ ಕೆಲಸ ಅದು. ಕಾಕ್‌ಪಿಟ್‌ನಲ್ಲಿ ಒಮ್ಮೆ ಕುಳಿತವನಿಗೆ ಆ ದನಿ ಕೇಳುವವನ ಕಷ್ಟ ಗೊತ್ತಿರುತ್ತದೆ. ಇವನು ಕಲಿತದ್ದು ವ್ಯರ್ಥವಲ್ಲ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಾರಲೇಬೇಕು ಎನ್ನುವವರಿಗೆ ಹಿಂದೆ ಪೈಲಟ್ ಜೊತೆ ಹಾರುತ್ತಾ ಮಾರ್ಗ ಹೇಳುವ ನ್ಯಾವಿಗೇಟರ್ ಆಗುವ ದಾರಿ ಇತ್ತು. ಪೈಲಟ್ ತರಬೇತಿ ನಿಂತು ನ್ಯಾವಿಗೇಟರ್ ಆದವರು ನನಗೆ ಗೊತ್ತು. ವಿಮಾನ ಇಳಿದ ಮೇಲೆ ಅವರೂ ಪೈಲಟ್ ಜೊತೆಗೇ ಏಣಿಯಿಂದ ಇಳಿದು ಬರುತ್ತಿದ್ದರು. 2007ರವರೆಗೆ ಹಾರಿದ ಕ್ಯಾನ್‌ಬೆರಾ ಬಾಂಬರ್, ನ್ಯಾವಿಗೇಟರ್ ಇಲ್ಲದಿದ್ದರೆ, ಅರ್ಧ ವಿಮಾನ. ಈಗ ಆ ಕೆಲಸಕ್ಕೆ ವೆಪನ್ ಸಿಸ್ಟಮ್ಸ್ ಎಂಬ ಬ್ರಾಂಚೇ ಬಂದಿದೆ. 2022ರ ಅಕ್ಟೋಬರ್ 8ರಂದು, ಚಂಡೀಗಢದಲ್ಲಿ ವಾಯುಪಡೆ ದಿನದಂದು ಏರ್ ಚೀಫ್ ಮಾರ್ಷಲ್ ವಿ.ಆರ್. ಚೌಧರಿ ಅದನ್ನು ಘೋಷಿಸಿದರು. ಸುಖೋಯ್-30ರಂಥ ಎರಡು ಆಸನದ ವಿಮಾನಗಳಲ್ಲಿ ಆಯುಧ ನೋಡಿಕೊಳ್ಳುವವರು, ಪೈಲಟ್ ಇಲ್ಲದ ವಿಮಾನಗಳನ್ನು ನಡೆಸುವವರು, ನೆಲದಿಂದ ಹಾರಿಸುವ ಕ್ಷಿಪಣಿಗಳ ದಳ ನಡೆಸುವವರು, ಗುಪ್ತಚರ ವಿಶ್ಲೇಷಣೆ ಮಾಡುವವರು ಎಲ್ಲರೂ ಅದರೊಳಗೆ ಬರುತ್ತಾರೆ. ಹೈದರಾಬಾದ್‌ನ ಬೇಗಂಪೇಟೆಯಲ್ಲಿ ಅವರಿಗಾಗಿ ಕಳೆದ ವರ್ಷ ಶಾಲೆಯೂ ಆರಂಭವಾಗಿದೆ. ನೌಕಾಪಡೆಯಲ್ಲಿ ಅಬ್ಸರ್ವರ್ ಅಧಿಕಾರಿಗಳಿದ್ದಾರೆ. ಅರಕ್ಕೋಣಂನಿಂದ ಸಮುದ್ರದ ಮೇಲೆ ಹೋಗುವ ಪಿ-8ಐ ವಿಮಾನದಲ್ಲಿ ಜಲಾಂತರ್ಗಾಮಿ ಹುಡುಕುವುದು ಅವರ ಕೆಲಸ. ಅದಕ್ಕೆ ಬೇರೆ ಅರ್ಜಿ, ಬೇರೆ ಆಯ್ಕೆ.

ನನ್ನ ಮನಸ್ಸಿದ್ದದ್ದು ಎಂಜಿನಿಯರಿಂಗ್ ಬ್ರಾಂಚಿನ ಮೇಲೆ. ಹುಡುಗ ಎಲೆಕ್ಟ್ರಾನಿಕ್ಸ್ ಬಿ.ಇ. ಓದಿದವನು. ಜಾಲಹಳ್ಳಿಯ ತಾಂತ್ರಿಕ ಕಾಲೇಜಿಗೆ ಹೋಗಿ ಬಂದರೆ ಒಂದು ಹ್ಯಾಂಗರ್ ಅವನ ಮಾತಿನಂತೆ ನಡೆಯುತ್ತದೆ. ನಮ್ಮ ಕೆಲಸವನ್ನು ಅವನಿಗೆ ಬಿಡಿಸಿ ಹೇಳಿದೆ. ಬೆಳಕು ಹರಿಯುವ ಮೊದಲು ಟಾರ್ಚ್ ಹಿಡಿದು ವಿಮಾನವನ್ನು ಒಂದು ಸುತ್ತು ಬರುತ್ತೇವೆ. ಟೈರಿನ ಸೀಳು, ಎಣ್ಣೆಯ ಹನಿ, ಗಾಳಿ ಹೋಗುವ ಬಾಯಲ್ಲಿ ಕಲ್ಲಿನ ಚೂರು, ಸಡಿಲವಾದ ಸ್ಕ್ರೂ ಇವನ್ನೆಲ್ಲ ಕೈಯಿಂದ ಮುಟ್ಟಿಯೇ ನೋಡಬೇಕು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಸ್ಪ್ಯಾನರುಗಳನ್ನು ಎಣಿಸಬೇಕು. ಒಂದು ಕಡಿಮೆ ಬಂದರೂ ಅದು ಸಿಗುವವರೆಗೆ ಆ ವಿಮಾನ ಕದಲುವುದಿಲ್ಲ, ಕಾಯುತ್ತಿರುವವರು ಎಷ್ಟೇ ದೊಡ್ಡ ಅಧಿಕಾರಿಯಾದರೂ. ಆಮೇಲೆ ವಿಮಾನ ಹಾರಲು ಸರಿಯಾಗಿದೆ ಎಂದು ದಾಖಲಿಸುವ ಫಾರ್ಮ್ 700ರಲ್ಲಿ ನಮ್ಮ ಸಹಿ. ನಮ್ಮ ಸಹಿಯ ನಂತರವೇ ಪೈಲಟ್ ಸಹಿ. ಅವನ ಪ್ರಾಣ ಆ ಹಾಳೆಯ ಮೇಲಿರುತ್ತದೆ ಎಂಬುದು ನನಗೆ ಒಂದು ದಿನವೂ ಮರೆತುಹೋಗಲಿಲ್ಲ. ಇಡೀ ಸೇವೆಯಲ್ಲಿ ನಾನು ಹಾರಿಸದ ವಿಮಾನಗಳೆಲ್ಲ ನನ್ನವೇ ಆಗಿದ್ದವು.

ಅವನು ಗಮನವಿಟ್ಟು ಕೇಳಿದ. ಕೊನೆಗೆ, "ಕಾಕಾ, ನಿಮ್ಮ ಕೆಲಸ ದೊಡ್ಡದು. ಆದರೆ ನನಗೆ ಮೇಲಿದ್ದಾಗ ಇಷ್ಟವಾಗುತ್ತಿದ್ದದ್ದು ಬೇರೆ ವಿಮಾನಗಳು ಎಲ್ಲೆಲ್ಲಿವೆ ಎಂದು ರೇಡಿಯೊ ಕೇಳಿಯೇ ಲೆಕ್ಕ ಹಾಕುವುದು. ಅದರಲ್ಲಿ ನಾನು ಎಂದೂ ತಪ್ಪುತ್ತಿರಲಿಲ್ಲ," ಎಂದ. ಬಂದಾಗಿನಿಂದ ಅವನು ತನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಅರ್ಜಿಯಲ್ಲಿ ಅಡ್ಮಿನಿಸ್ಟ್ರೇಷನ್ ಬ್ರಾಂಚನ್ನು ಮೊದಲು ಬರೆದ. ಫೈಟರ್ ಕಂಟ್ರೋಲರುಗಳು, ವಾಯು ಸಂಚಾರ ನಿಯಂತ್ರಕರು ಬರುವುದು ಅದರಲ್ಲೇ. ಎರಡನೆಯದು ವೆಪನ್ ಸಿಸ್ಟಮ್ಸ್, ಮೂರನೆಯದು ಎಂಜಿನಿಯರಿಂಗ್. ನಾನು ಬಯಸಿದ ಕ್ರಮ ಅದಲ್ಲ, ಆದರೂ ಒಪ್ಪಿದೆ. ಕಾರಣ ಗೊತ್ತಿದ್ದು ಬರೆದಿದ್ದಾನೆ.

ಸಂಜೆ ಅವನ ತಂದೆ ಸಿಂಧನೂರಿನಿಂದ ಫೋನ್ ಮಾಡಿದ್ದರು. ಕಾಲುವೆ ನೀರಿನ ಭತ್ತದ ಹೊಲ ಮಾರಿ, ಮಗನನ್ನು ಖಾಸಗಿ ಹಾರಾಟದ ಶಾಲೆಗೆ ಸೇರಿಸಿ, ವಿಮಾನ ಕಂಪನಿಯಲ್ಲಿ ಪೈಲಟ್ ಮಾಡಿಸುತ್ತಾರಂತೆ. ಅಲ್ಲಿ ದುಡ್ಡು ಕೊಟ್ಟಷ್ಟೂ ಹೆಚ್ಚು ಗಂಟೆ ಸಿಗುತ್ತದೆ, ಇವನು ಕಲಿತೂ ಕಲಿಯುತ್ತಾನೆ. ಆದರೆ ಅರ್ಧ ಕೋಟಿಗೂ ಮಿಕ್ಕ ಖರ್ಚು, ಲೈಸೆನ್ಸ್ ಕೈಗೆ ಬಂದರೂ ಕೆಲಸದ ಖಾತ್ರಿಯಿಲ್ಲ. ಮುಖ್ಯವಾಗಿ ಹುಡುಗ ಅದನ್ನು ಕೇಳಿಲ್ಲ. ಅವನಿಗೆ ಬೇಕಾದದ್ದು ಸಮವಸ್ತ್ರದ ಕೆಲಸ. ನಾಳೆ ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಹೋಗುತ್ತೇನೆ. ಗುತ್ತಿಗೆದಾರನೊಬ್ಬ ಮುಂಗಡ ಕೊಡಲು ತಯಾರಾಗಿದ್ದಾನೆ ಎಂದಿದ್ದಾರೆ, ಮೊದಲು ಅದನ್ನು ನಿಲ್ಲಿಸಬೇಕು. ಫೈಟರ್ ಕಂಟ್ರೋಲರ್ ಎಂದರೇನು ಎಂದು ಆಮೇಲೆ ಕುಳಿತು ಹೇಳುತ್ತೇನೆ.