ಫೈಲ್ ತಿದ್ದಿದರೆ ಸಾಲದು, ಸರ್ವರನ್ನೇ ಕೇಳಿ

ಕಲಬುರಗಿ ಗಂಜ್‌ನ (ಕೃಷಿ ಮಾರುಕಟ್ಟೆಯ) ತೊಗರಿ ವ್ಯಾಪಾರಿಗಳು ಮತ್ತು ದಾಲ್ ಮಿಲ್‌ಗಳ ಬಿಲ್ಲಿಂಗ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲ ಕಡೆ ಲಿನಕ್ಸ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಸರ್ವರ್ ಮುಟ್ಟಲು ಯಾರೂ ಬಿಡುವುದಿಲ್ಲ. ಹಾಗಾಗಿ ಸೆಟ್ಟಿಂಗ್ ಬದಲಾವಣೆಗಳನ್ನೆಲ್ಲ ಮಳೆಗಾಲದಲ್ಲೇ ಮುಗಿಸುತ್ತೇವೆ.

ನಾವು ಬಳಸುವುದು ಆನ್ಸಿಬಲ್: ಪ್ಲೇಬುಕ್ ಅನ್ನುವ ಸ್ಕ್ರಿಪ್ಟ್‌ನಲ್ಲಿ ಬರೆದ ಬದಲಾವಣೆಗಳನ್ನು ಸರ್ವರ್‌ಗಳ ಮೇಲೆ ತಾನೇ ಮಾಡುವ ಟೂಲ್. ಮೊದಲು ಚೆಕ್ (ಏನೂ ಬದಲಿಸದೆ ಪರೀಕ್ಷೆ) ಮತ್ತು ಡಿಫ್ (ವ್ಯತ್ಯಾಸ ತೋರಿಸುವುದು) ಹಾಕಿ ಓಡಿಸಿ, ಯಾವ ಸಾಲು ಬದಲಾಗುತ್ತದೆ ಅಂತ ಕಣ್ಣಾರೆ ನೋಡುತ್ತೇವೆ. ಆಮೇಲೆ ನಿಜವಾಗಿ ಓಡಿಸುವುದು. ಕೂಡಲೇ ಇನ್ನೊಂದು ಸಲ ಓಡಿಸುತ್ತೇವೆ. ಎರಡನೇ ಸಲ ಎಲ್ಲ ಹಸಿರೇ ಬರಬೇಕು, ಅಂದರೆ ಬದಲಿಸಲು ಏನೂ ಉಳಿದಿರಬಾರದು. ಹಳದಿ ಕಂಡರೆ, ಅಂದರೆ ಮತ್ತೆ ಏನೋ ಬದಲಾದರೆ, ಆ ಸ್ಕ್ರಿಪ್ಟ್ ಇನ್ನೂ ತಯಾರಾಗಿಲ್ಲ ಅಂತಲೇ ನನ್ನ ಲೆಕ್ಕ.

ಆದರೆ ಹಸಿರು ಬಂದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಈ ಸಲ ಒಂದು ಮಿಲ್‌ನಲ್ಲಿ ನನ್ನ ಜೊತೆಗಿನ ಹುಡುಗ ಕರೆದ: "ಅಣ್ಣಾ, ಎಲ್ಲಾ ಹಸಿರು ಬಂದದ, ಆದ್ರ ವರ್ಕ್ ಮೆಮ್ ಹಳೇದೇ ತೋರಸ್ಲಿಕತ್ತದ ನೋಡ್ರಿ." ವರ್ಕ್ ಮೆಮ್ ಅಂದರೆ ಸಾರ್ಟಿಂಗ್‌ನಂಥ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಬಳಸುವ ಮೆಮೊರಿಯ ಸೆಟ್ಟಿಂಗ್. ಕಾನ್ಫ್ ಫೈಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ತೆರೆದರೆ ಹೊಸ ಮೌಲ್ಯ ಸರಿಯಾಗೇ ಕೂತಿದೆ. ರೀಲೋಡ್ (ಸರ್ವರ್ ನಿಲ್ಲಿಸದೆ ಫೈಲ್ ಮತ್ತೆ ಓದಿಸುವುದು) ಕೂಡ ಆಗಿದೆ. ಪಿಜಿ ಸೆಟ್ಟಿಂಗ್ಸ್‌ನಲ್ಲಿ (ಸರ್ವರ್‌ನಲ್ಲಿ ಈಗ ನಡೆಯುತ್ತಿರುವ ಸೆಟ್ಟಿಂಗ್‌ಗಳ ಪಟ್ಟಿ), ಮೌಲ್ಯ ಯಾವ ಫೈಲಿನಿಂದ ಬಂತು ಅಂತ ತೋರಿಸುವ ಸೋರ್ಸ್‌ಫೈಲ್ ಕಾಲಂ ನೋಡಿದಾಗ ಸಿಕ್ಕಿತು: ಮೌಲ್ಯ ಬರುತ್ತಿದ್ದುದು ಆಟೋ ಕಾನ್ಫ್ ಅನ್ನುವ ಇನ್ನೊಂದು ಫೈಲಿನಿಂದ. ಹಿಂದೆ ಯಾರೋ ಆ ಫೈಲಿಗೆ ಬರೆಯುವ ಆಲ್ಟರ್ ಸಿಸ್ಟಮ್ ಆದೇಶ ಕೊಟ್ಟು ಹೋಗಿದ್ದರು. ಪೋಸ್ಟ್‌ಗ್ರೆಸ್ ಆ ಫೈಲನ್ನು ಕೊನೆಗೆ ಓದುತ್ತದೆ, ಹಾಗಾಗಿ ಅದರ ಮಾತೇ ನಡೆಯುತ್ತದೆ. ಆಲ್ಟರ್ ಸಿಸ್ಟಮ್ ರೀಸೆಟ್ ಕೊಟ್ಟು ಆ ಸಾಲು ಅಳಿಸಿ, ಮತ್ತೆ ರೀಲೋಡ್ ಮಾಡಿದೆವು. ಸರಿಹೋಯಿತು.

ಈಗ ಪ್ರತಿ ಪ್ಲೇಬುಕ್‌ನ ಕೊನೆಗೆ ಸರ್ವರನ್ನೇ ಕೇಳುವ ಒಂದು ಕ್ವೆರಿ ಇರುತ್ತದೆ. ಬೇಕಾದ ಮೌಲ್ಯ ಬರದಿದ್ದರೆ ಪ್ಲೇಬುಕ್ ಅಲ್ಲೇ ಫೇಲ್ ಆಗಬೇಕು. ಸುಮ್ನೆ ಫೈಲ್ ನೋಡಿ ನಂಬುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ಟೇಬಲ್ ಬದಲಿಸುವ ಸ್ಕ್ರಿಪ್ಟ್‌ಗಳ ವಿಷಯದಲ್ಲಿ ನಾನು ಇನ್ನೂ ಜಾಸ್ತಿ ಕಟ್ಟುನಿಟ್ಟು. ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್‌ಗೆ ಆದೇಶ ಕಳಿಸುವ ಪ್ರೋಗ್ರಾಂ) ಫೈಲ್ ಕೊಟ್ಟರೆ ನಡುವೆ ಎರರ್ ಬಂದರೂ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಎರರ್ ಬಂದರೆ ಅಲ್ಲೇ ನಿಲ್ಲಿಸುವ ಆನ್ ಎರರ್ ಸ್ಟಾಪ್ ಹಾಕಲೇಬೇಕು. ಜೊತೆಗೆ ಎಲ್ಲವೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕಟ್ಟು) ಇರಲಿ. ಅರ್ಧದಲ್ಲಿ ಕರೆಂಟ್ ಹೋದರೂ ಟೇಬಲ್‌ಗಳು ಮೊದಲಿದ್ದ ಹಾಗೇ ಇರುತ್ತವೆ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಟೇಬಲ್ ಬದಲಿಸುವ ಆಲ್ಟರ್ ಟೇಬಲ್ ಆದೇಶ ಕೊಟ್ಟ ತಕ್ಷಣ ಅಲ್ಲಿವರೆಗಿನದು ತಾನಾಗೇ ಕಮಿಟ್ (ಖಾಯಂ) ಆಗುತ್ತದೆ.

ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್ ಹಂಚಿಕೊಂಡು ಬಳಸುವ ಮೆಮೊರಿ) ಥರದ ಕೆಲವು ಸೆಟ್ಟಿಂಗ್‌ಗಳಿಗೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಪಿಜಿ ಸೆಟ್ಟಿಂಗ್ಸ್‌ನ ಪೆಂಡಿಂಗ್ ರೀಸ್ಟಾರ್ಟ್ ಕಾಲಂನಲ್ಲಿ ಅವು ಕಾಣುತ್ತವೆ. ಅಂಥವನ್ನು ಗಂಜ್ ರಜೆ ಇರುವ ದಿನ, ಮಾಲೀಕರಿಗೆ ಫೋನ್ ಮಾಡಿ ಹೇಳಿಯೇ ಮಾಡುತ್ತೇವೆ.